ಕಂಬಳದ ಕನೆಹಲಗೆ ಸ್ಲೋಮೋಷನ್: ಆರ್‌ಎಕ್ಸ್100 ಮಾರ್ಕ್ 4ರಲ್ಲಿ ಯಾವ ಸೆಟ್ಟಿಂಗ್? ರಾತ್ರಿ ಮಿನುಗುವುದು ಯಾಕೆ?

ಕೆಸರುಕಣ್ಣು:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಸೋನಿ ಆರ್‌ಎಕ್ಸ್100 ಮಾರ್ಕ್ 4, ಕಾರ್ಡ್ 64 ಜಿಬಿ. ತೆಗೆಯಬೇಕಾದ್ದು ಕಂಬಳ, ಅದರಲ್ಲೂ ಕನೆಹಲಗೆಯಲ್ಲಿ (ಕೋಣಗಳು ಎಳೆಯುವ ಹಲಗೆ ಮೇಲೆ ನಿಂತು ನೀರು ಚಿಮ್ಮಿಸುವ ವಿಭಾಗ) ನೀರು ನಿಶಾನೆಗೆ, ಅಂದರೆ ಎತ್ತರದಲ್ಲಿ ಕಟ್ಟಿದ ಗುರುತಿನ ಬಟ್ಟೆಗೆ, ಹಾಯುವ ಗಳಿಗೆ. ರಾತ್ರಿ ಹಗ್ಗ, ನೇಗಿಲು ವಿಭಾಗಗಳ ಓಟವೂ ಬೇಕು. ಎಚ್‌ಎಫ್‌ಆರ್ ಮೋಡಿನಲ್ಲಿ (ಸೆಕೆಂಡಿಗೆ ನೂರಾರು ಫ್ರೇಮ್ ತೆಗೆದು ನಿಧಾನ ಮಾಡುವ ಮೋಡ್) ಪ್ರಯತ್ನ ಮಾಡಿದ್ದಕ್ಕೆ ಬಂದ ತೊಂದರೆಗಳು ಇವು:

1. 1000 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 1000 ಫ್ರೇಮ್) ಚಿತ್ರ ಕಲಸಿದ ಹಾಗೆ ಉಂಟು. ಕೋಣದ ಮುಖ ಯಾವುದು, ಕೆಸರು ಯಾವುದು ಗೊತ್ತಾಗುವುದಿಲ್ಲ.
2. ಬಟನ್ ಒತ್ತುವಾಗ ಒಂದೋ ಬೇಗ ಆಗುತ್ತದೆ, ಇಲ್ಲ ಕೋಣ ದಾಟಿ ಆಗಿರುತ್ತದೆ. ಎರಡೇ ಸೆಕೆಂಡ್ ಸಿಗುವುದು.
3. ಒಂದು ಕ್ಲಿಪ್ ಆದ ಮೇಲೆ 'ರೆಕಾರ್ಡಿಂಗ್' ಅಂತ ಪರದೆ ಮೇಲೆ ಬಂದು ಕೂತರೆ ಏಳುವುದೇ ಇಲ್ಲ. ಅಷ್ಟರಲ್ಲಿ ಮುಂದಿನ ಜೋಡಿ ಬಿಟ್ಟಾಗಿರುತ್ತದೆ.
4. ರಾತ್ರಿ ಫ್ಲಡ್‌ಲೈಟಿನಲ್ಲಿ ಇಡೀ ಚಿತ್ರ ಮಿನುಗುತ್ತದೆ.
5. ಬಿಸಿಲಲ್ಲಿ ಚಿಮ್ಮಿದ ನೀರು ಬರೀ ಬಿಳಿ ಕಲೆ, ಒಳಗೆ ಏನೂ ಇಲ್ಲ.

ಇದೇ ಕ್ಯಾಮೆರಾದಲ್ಲಿ ಆಗುತ್ತದಾ, ಬೇರೆ ನೋಡಬೇಕಾ?

ನಿಧಾನ್ರಾಯ:

ಇದರಲ್ಲೇ ಆಗುತ್ತೆ. 1, 2, 3ಕ್ಕೆ ನಾನು ಹೇಳ್ತೀನಿ. ಬೆಳಕಿನ ವಿಷಯ ಕರಾವಳಿಯವರು ಯಾರಾದರೂ ಹೇಳಲಿ.

ಮೊದಲು 1000 ಅನ್ನೋದನ್ನ ಮರೆತುಬಿಡಿ. ಡಬ್ಬಿ ಮೇಲೆ ಬರೆಯೋದಕ್ಕೆ ಚೆನ್ನಾಗಿರುತ್ತೆ ಅಷ್ಟೆ. ನಿಮ್ಮ ಮಾರ್ಕ್ 4 'ಕ್ವಾಲಿಟಿ ಪ್ರಯಾರಿಟಿ'ಯಲ್ಲಿ 250 ಎಫ್‌ಪಿಎಸ್‌ಗೆ ಸೆನ್ಸರಿನಿಂದ ಓದೋದು 1824×1026. 500ಕ್ಕೆ ಅದು 1676×566ಕ್ಕೆ ಇಳಿಯುತ್ತೆ, 1000ಕ್ಕೆ 1136×384. ಕಾರ್ಡಿಗೆ ಬರೆಯೋವಾಗ ಮೂರನ್ನೂ 1920×1080ಕ್ಕೆ ಎಳೆದು ಬರೆಯುತ್ತೆ, ಹಾಗಾಗಿ ಫೈಲ್ ನೋಡಿದರೆ ವ್ಯತ್ಯಾಸ ಕಾಣಲ್ಲ. ಆದರೆ 1000ರಲ್ಲಿ ನಿಮ್ಮ ಕೈಗೆ ಬರ್ತಿರೋದು 250ರ ಕಾಲು ಭಾಗಕ್ಕಿಂತ ಕಡಿಮೆ ಪಿಕ್ಸೆಲ್. ಕಲಸಿದ ಹಾಗೆ ಕಾಣೋದು ಫೋಕಸ್ ತಪ್ಪಿ ಅಲ್ಲ, ಅಲ್ಲಿ ವಿವರವೇ ಇಲ್ಲ.

ಇನ್ನೊಂದು, 'ಶೂಟ್ ಟೈಮ್ ಪ್ರಯಾರಿಟಿ' ಹಾಕಿದರೆ ಎರಡು ಸೆಕೆಂಡ್ ಹೋಗಿ ನಾಲ್ಕಾಗುತ್ತೆ ಅಂತ ಆಸೆ ಹುಟ್ಟುತ್ತೆ. ಅಲ್ಲಿ 250 ಎಫ್‌ಪಿಎಸ್‌ಗೇ 1676×566. 566 ಸಾಲನ್ನ 1080ಕ್ಕೆ ಎಳೆದರೆ ನಿಶಾನೆ ಬಟ್ಟೆಯ ಅಂಚು, ಹಗ್ಗ, ಬೇಲಿ ಗಳ ಎಲ್ಲದರಲ್ಲೂ ಮೆಟ್ಟಿಲು ಮೆಟ್ಟಿಲು. ಬೇಡ.

ಎರಡು ಸೆಕೆಂಡ್ ಸಾಲಲ್ಲ ಅನ್ನೋದು ತಪ್ಪು ಲೆಕ್ಕ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಓಡಿದ್ದು 142.5 ಮೀಟರ್, 13.62 ಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಅದು ಮೇಲ್ಮಟ್ಟದ ಓಟ, ಉಳಿದ ಜೋಡಿಗಳು ಅದಕ್ಕಿಂತ ಸ್ವಲ್ಪ ಕಡಿಮೆ. ಕರೆಯಿಂದ (ಕೋಣ ಓಡೋ ಕೆಸರಿನ ಓಣಿ) 15 ಮೀಟರ್ ದೂರ ನಿಂತು 70 ಎಂಎಂಗೆ ಜೂಮ್ ಮಾಡಿದರೆ ಚೌಕಟ್ಟಿನ ಅಗಲ 7.7 ಮೀಟರ್. ಕ್ಯಾಮೆರಾ ಅಲ್ಲಾಡಿಸದೆ ಇಟ್ಟರೆ ಕೋಣದ ಮೂತಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗೋದು ಮುಕ್ಕಾಲು ಸೆಕೆಂಡಿನಲ್ಲಿ. ಎರಡು ಸೆಕೆಂಡಿನಲ್ಲಿ ಅದು ಹೋಗಿ, ಕೆಸರು ಬಿದ್ದು, ನೀರು ತಣ್ಣಗಾಗೋವರೆಗೂ ಬಂತು. 25ಪಿಯಲ್ಲಿ, ಅಂದರೆ ಸೆಕೆಂಡಿಗೆ 25 ಫ್ರೇಮಿನಂತೆ ಓಡಿಸಿದರೆ, ಅದು 20 ಸೆಕೆಂಡಿನ ಕ್ಲಿಪ್. ನೋಡೋರಿಗೆ ಅದೇ ಹೆಚ್ಚು.

ನಿಮ್ಮ ನಿಜವಾದ ಸಮಸ್ಯೆ ಟ್ರಿಗರ್. ಮೆನುವಿನಲ್ಲಿ ಎಚ್‌ಎಫ್‌ಆರ್ ಸೆಟ್ಟಿಂಗ್ಸ್ ಒಳಗೆ 'ರೆಕ್ ಟೈಮಿಂಗ್' ಅಂತ ಇದೆ, ಅದು 'ಸ್ಟಾರ್ಟ್ ಟ್ರಿಗರ್'ನಲ್ಲಿರಬೇಕು ಈಗ. 'ಎಂಡ್ ಟ್ರಿಗರ್' ಮಾಡಿ. ಆಗ ಕ್ಯಾಮೆರಾ ಸ್ಟ್ಯಾಂಡ್‌ಬೈನಲ್ಲಿ ಇರೋವಷ್ಟು ಹೊತ್ತೂ ಕಳೆದ ಎರಡು ಸೆಕೆಂಡನ್ನ ಬಫರಿನಲ್ಲಿ (ತಾತ್ಕಾಲಿಕ ಮೆಮೊರಿ) ಸುತ್ತಿಸ್ತಾ ಇರುತ್ತೆ. ಎಲ್ಲ ಆಗಿಹೋದ ಮೇಲೆ ಮೂವಿ ಬಟನ್ ಒತ್ತಿದರೆ ಹಿಂದಿನ ಎರಡು ಸೆಕೆಂಡ್ ಉಳಿಯುತ್ತೆ. ಊಹೆ ಮಾಡೋ ಕೆಲಸವೇ ಇಲ್ಲ, ಕಂಡಮೇಲೆ ಒತ್ತೋದು. ನಮ್ಮ ಬೆರಳು ಕಾಲು ಸೆಕೆಂಡ್ ತಡ ಮಾಡಿದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕ್ರಮ ಹೀಗೆ. ಮೋಡ್ ಡಯಲ್ ಎಚ್‌ಎಫ್‌ಆರ್‌ಗೆ, ಒಳಗೆ ಎಂ (ಮ್ಯಾನುಯಲ್) ಮೋಡ್. ಮೊದಲು ಜೂಮ್, ಆಮೇಲೆ ಫೋಕಸ್, ಆಮೇಲೆ ಶಟರ್, ಅಪರ್ಚರ್, ಐಎಸ್ಒ. ಈ ಕ್ರಮ ತಪ್ಪಿಸಬೇಡಿ, ಯಾಕಂದ್ರೆ ಈ ಲೆನ್ಸಿನಲ್ಲಿ ಜೂಮ್ ಬದಲಾದರೆ ಫೋಕಸ್ ಜಾರುತ್ತೆ. ಎಲ್ಲ ಆದಮೇಲೆ ಚಕ್ರದ ನಡುಗುಂಡಿ ಒತ್ತಿದರೆ ಸ್ಟ್ಯಾಂಡ್‌ಬೈ. ಅಲ್ಲಿಂದ ಮುಂದೆ ಜೂಮ್, ಫೋಕಸ್, ಎಕ್ಸ್‌ಪೋಷರ್ ಯಾವುದೂ ಅಲ್ಲಾಡಲ್ಲ. ಬದಲಾಯಿಸಬೇಕಾದರೆ ಮತ್ತೆ ನಡುಗುಂಡಿ ಒತ್ತಿ ಆಚೆ ಬರಬೇಕು. ತುಂಬಾ ಜನ ಎಡವೋದು ಇಲ್ಲೇ: ಆಟೋಫೋಕಸ್‌ನಲ್ಲಿ ಮುಂದೆ ನಿಂತವನ ತಲೆಗೆ ಫೋಕಸ್ ಆಗಿರುವಾಗ ಸ್ಟ್ಯಾಂಡ್‌ಬೈಗೆ ಹೋಗಿಬಿಡ್ತಾರೆ. ಆ ಫೋಕಸ್ ಅಲ್ಲೇ ಕಟ್ಟಿಹಾಕಿದ ಹಾಗೆ ಉಳಿಯುತ್ತೆ.

ಎಂಎಫ್ (ಮ್ಯಾನುಯಲ್ ಫೋಕಸ್) ಹಾಕಿ, ಪರದೆಯಲ್ಲಿ ದೊಡ್ಡದು ಮಾಡಿ ಕರೆಯ ದಂಡೆ ನೋಡಿ ಹೊಂದಿಸಿ. 70 ಎಂಎಂ, ಎಫ್ 2.8ರಲ್ಲೇ 15 ಮೀಟರ್‌ಗೆ ಫೋಕಸ್ ಇಟ್ಟರೆ ಸುಮಾರು 9ರಿಂದ 50 ಮೀಟರ್‌ವರೆಗೆ ಚೊಕ್ಕವಾಗಿರುತ್ತೆ. ಒಂದಿಂಚಿನ ಸೆನ್ಸರಿನ ಬಡತನ ಇಲ್ಲಿ ಭಾಗ್ಯ. ಕ್ಯಾಮೆರಾ ಆಫ್ ಆದರೆ ಲೆನ್ಸ್ ಒಳಗೆ ಹೋಗಿ ಜೂಮ್ ಮತ್ತೆ 24 ಎಂಎಂಗೆ ಬರುತ್ತೆ, ಮೊದಲಿಂದ ಶುರು ಮಾಡಬೇಕು. ಅದಕ್ಕೆ ಪವರ್ ಸೇವ್ ಸಮಯ 30 ನಿಮಿಷಕ್ಕೆ ಇಡಿ. ಸ್ಟ್ಯಾಂಡ್‌ಬೈ ಬ್ಯಾಟರಿ ತಿನ್ನುತ್ತೆ, ಎನ್‌ಪಿ-ಬಿಎಕ್ಸ್1 ಚಿಕ್ಕ ಬ್ಯಾಟರಿ, ಮೂರಾದರೂ ಜೇಬಿನಲ್ಲಿರಲಿ. ಜೋಡಿ ಗಂತಿನಲ್ಲಿ (ಓಟ ಶುರುವಾಗೋ ಜಾಗ) ನಿಂತು ಸಜ್ಜಾಗೋವಾಗ ಸ್ಟ್ಯಾಂಡ್‌ಬೈಗೆ ಹೋದರೆ ಸಾಕು.

ಇನ್ನು 'ರೆಕಾರ್ಡಿಂಗ್' ಅಂತ ಕೂರೋದು. ಬಫರಿನಿಂದ ಕಾರ್ಡಿಗೆ ಬರೆಯೋವಾಗ ಆ ನಿಧಾನದ ಚಿತ್ರವೇ ಪರದೆ ಮೇಲೆ ಓಡುತ್ತೆ, ನೋಡಿದ್ದೀರಲ್ಲ? ಕ್ಲಿಪ್ ಎಷ್ಟು ಉದ್ದವೋ ಹತ್ತಿರ ಹತ್ತಿರ ಅಷ್ಟೇ ಹೊತ್ತು. 1000 ಎಫ್‌ಪಿಎಸ್, 25ಪಿ ಅಂದರೆ ಎರಡು ಸೆಕೆಂಡಿಗೆ 80 ಸೆಕೆಂಡ್. 250, 25ಪಿ ಆದರೆ 20 ಸೆಕೆಂಡ್. ರೆಕಾರ್ಡ್ ಸೆಟ್ಟಿಂಗ್ 50ಪಿ ಮಾಡಿದರೆ ಹತ್ತೇ. ಅವೇ 500 ಫ್ರೇಮ್‌ಗಳು, ಎಡಿಟಿಂಗ್‌ನಲ್ಲಿ ಆ ಕ್ಲಿಪ್ಪಿನ ಫ್ರೇಮ್ ರೇಟನ್ನ 25 ಅಂತ ಬದಲಾಯಿಸಿದರೆ ಮತ್ತೆ 20 ಸೆಕೆಂಡ್ ಆಗುತ್ತೆ. ಆದರೆ ಇದು ಪುಕ್ಕಟೆ ಅಲ್ಲ. ಎರಡಕ್ಕೂ ಬಿಟ್‌ರೇಟ್ 50 ಮೆಗಾಬಿಟ್. 25ಪಿಯಲ್ಲಿ ಒಂದು ಫ್ರೇಮಿಗೆ 2 ಮೆಗಾಬಿಟ್ ಸಿಕ್ಕರೆ 50ಪಿಯಲ್ಲಿ 1 ಮಾತ್ರ. ಹನಿ ಹನಿ ಚೆಲ್ಲೋ ಚಿತ್ರ ಕಂಪ್ರೆಷನ್ನಿಗೆ ಕಡುಕಷ್ಟ, ಚೌಕ ಚೌಕ ಒಡೆಯೋದು ಅಲ್ಲೇ ಮೊದಲು. ಜೋಡಿಗಳ ನಡುವೆ ಪುರಸೊತ್ತಿದ್ದರೆ 25ಪಿ, ಇಲ್ಲದಿದ್ದರೆ 50ಪಿ.

ಪಡುದಿಕ್ಕು:

ನಿಧಾನ್ರಾಯರು ಹೇಳಿದ್ದು ಹಗ್ಗದ ಓಟಕ್ಕೆ ಸರಿ. ಕನೆಹಲಗೆಗೆ ಆ ಚೌಕಟ್ಟು ಆಗುವುದಿಲ್ಲ ಮಾರಾಯ್ರೆ. 7.7 ಮೀಟರ್ ಅಗಲಕ್ಕೆ ಎತ್ತರ ಬರುವುದು ನಾಲ್ಕು ಮೀಟರ್ ಚಿಲ್ಲರೆ. ಆರೂವರೆ ಕೋಲಿನ (ಕೋಲು ಅಂದರೆ ನಿಶಾನೆಯ ಎತ್ತರ ಅಳೆಯುವ ಹಳೇ ಅಳತೆ) ನಿಶಾನೆ ಚೌಕಟ್ಟಿನಿಂದ ಹೊರಗೇ ಉಳಿಯುತ್ತದೆ, ಏಳೂವರೆಯದ್ದು ಕೇಳುವುದೇ ಬೇಡ. ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಅಂತ ಇಲ್ಲ, ನೀರು ನಿಶಾನೆಗೆ ತಾಗಿತಾ ಅಂತ ಮಾತ್ರ. ನಿಶಾನೆಯೇ ಇಲ್ಲದ ಕನೆಹಲಗೆ ವಿಡಿಯೊ ಯಾರಿಗೆ ಬೇಕು?

20 ಮೀಟರ್ ದೂರ ಸಿಕ್ಕಿದರೆ 50 ಎಂಎಂ ಜೂಮ್ ಇಡಿ. 14.4 ಮೀಟರ್ ಅಗಲ, 8 ಮೀಟರ್ ಎತ್ತರ ಬರುತ್ತದೆ. ಅಷ್ಟು ದೂರ ಸಿಗದಿದ್ದರೆ 10 ಮೀಟರ್‌ನಲ್ಲಿ 24 ಎಂಎಂ, ಹೆಚ್ಚುಕಡಿಮೆ ಅದೇ ಅಳತೆ. ಆದರೆ ಹತ್ತಿರದಿಂದ ಮೇಲೆ ನೋಡಿ ತೆಗೆದರೆ ನೀರು ನಿಶಾನೆಗೆ ಮುಟ್ಟದಿದ್ದರೂ ಮುಟ್ಟಿದ ಹಾಗೆ ಕಾಣುವುದುಂಟು. ತೀರ್ಪುಗಾರರ ಹತ್ತಿರ ಜಗಳಕ್ಕೆ ಹೋಗಬೇಡಿ ಆ ಕ್ಲಿಪ್ ಹಿಡಿದುಕೊಂಡು.

ನಿಲ್ಲುವುದು ನಿಶಾನೆಯ ನೇರಕ್ಕೆ ಅಲ್ಲ, ಅದಕ್ಕಿಂತ ಎರಡು ಮೂರು ಮೀಟರ್ ಗಂತಿನ ಕಡೆಗೆ. ಕಾರಣ ಉಂಟು. ಆರು ಮೀಟರ್ ಎತ್ತರಕ್ಕೆ ಹಾರುವ ನೀರು ಹಲಗೆಯ ತೂತಿನಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿರಬೇಕು, ತುದಿ ಮುಟ್ಟುವುದಕ್ಕೆ 1.1 ಸೆಕೆಂಡ್ ಬೇಕು. ಅಷ್ಟರಲ್ಲಿ ಕೋಣಗಳು ಮುಂದೆ ಹೋಗಿ ಆಗಿರುತ್ತದೆ. ಹಾಗಾಗಿ ಕೋಣ ಚೌಕಟ್ಟು ದಾಟಿದ ಕೂಡಲೇ ಬಟನ್ ಒತ್ತಿದರೆ ನೀರು ಇನ್ನೂ ಏರುತ್ತಾ ಇರುವಾಗಲೇ ಕ್ಲಿಪ್ ತುಂಡಾಗುತ್ತದೆ. ಕಣ್ಣು ಕೋಣದ ಮೇಲೆ ಇಡಬೇಡಿ, ನಿಶಾನೆಯ ಬಟ್ಟೆ ಮೇಲೆ ಇಡಿ. ನೀರು ತಾಗಿ, ಕೆಳಗೆ ಬೀಳಲು ಶುರುವಾಯಿತು ಅನ್ನುವಾಗ ಒತ್ತಿ. ಹಿಂದಿನ ಎರಡು ಸೆಕೆಂಡಿನಲ್ಲಿ ಕೋಣ ಬಂದದ್ದು, ಓಟಗಾರ ಹಲಗೆ ಮೇಲೆ ಕಾಲು ಒತ್ತಿದ್ದು, ನೀರು ಎದ್ದದ್ದು ಎಲ್ಲ ಸಿಗುತ್ತದೆ.

ಈಗ ಬಿಳಿ ಕಲೆಯ ವಿಷಯ. ಕಪ್ಪು ಕೋಣ, ಕಪ್ಪು ಕೆಸರು ಚೌಕಟ್ಟಿನಲ್ಲಿ ತುಂಬಿದರೆ ಕ್ಯಾಮೆರಾ ಕತ್ತಲೆ ಅಂತ ತಿಳಿದು ಬೆಳಕು ಏರಿಸುತ್ತದೆ. ಚಿಮ್ಮಿದ ನೀರಿಗೆ ಬಿಸಿಲು ಬಿದ್ದಾಗ ಅದು ಸುಟ್ಟು ಬಿಳಿಯಾಗುತ್ತದೆ. ಎಂ ಮೋಡಿನಲ್ಲಿ ನೀರಿಗೆ ಹೊಂದಿಸಿ, ಕೋಣ ಕಪ್ಪಾಗಿದ್ದರೆ ಇರಲಿ, ಅದು ಕಪ್ಪೇ. ಒಳ್ಳೆ ಬಿಸಿಲಿಗೆ ಎಫ್ 4, 1/2000, ಐಎಸ್ಒ 125. ಮೋಡ ಮುಚ್ಚಿದರೆ ಎಫ್ 2.8, 1/1000, ಐಎಸ್ಒ 250 ಹತ್ತಿರ. ಜೀಬ್ರಾ (ಅತಿ ಬೆಳಕಿನ ಜಾಗಕ್ಕೆ ಪರದೆಯಲ್ಲಿ ಗೆರೆ ತೋರಿಸುವುದು) 100ಕ್ಕೆ ಹಾಕಿ ಮೊದಲ ಜೋಡಿ ಹೋಗುವಾಗ ನೀರಿನಲ್ಲಿ ಗೆರೆ ಎಷ್ಟು ಬರುತ್ತದೆ ನೋಡಿ. ಅಲ್ಲಲ್ಲಿ ಒಂದೊಂದು ಹನಿ ಮಿಂಚಿದರೆ ಅಡ್ಡಿಯಿಲ್ಲ, ಇಡೀ ಪರದೆಯಾಗಿ ಗೆರೆ ಬಂದರೆ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧಕ್ಕೆ.

ಶಟರ್ ಎಷ್ಟು ಅಂತ ಲೆಕ್ಕ ಬೇಕಿದ್ದರೆ: 14.4 ಮೀಟರ್ ಚೌಕಟ್ಟಿನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 8 ಮಿ.ಮೀ. 1/500ರಲ್ಲಿ ಹನಿ ಎರಡು ಮೂರು ಪಿಕ್ಸೆಲ್ ಉದ್ದದ ಗೆರೆಯಾಗುತ್ತದೆ, 1/1000ರಲ್ಲಿ ಒಂದೂವರೆ. ಅದಕ್ಕಿಂತ ಮೇಲೆ ಹೋಗಿ ಗಿಟ್ಟುವುದು ಕಡಿಮೆ. '180 ಡಿಗ್ರಿ ನಿಯಮ, 250ಕ್ಕೆ 1/500' (ಶಟರ್ ಫ್ರೇಮ್ ರೇಟಿನ ಎರಡು ಪಟ್ಟು) ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಮನುಷ್ಯ ನಡೆಯುವ, ಓಡುವ ಚಿತ್ರಕ್ಕೆ. ನೀರಿಗೆ 1/1000 ಒಳ್ಳೆಯದು, ಮಣಿ ಮಣಿಯಾಗಿ ಕಾಣುತ್ತದೆ.

ಸೂರ್ಯ ಎಲ್ಲಿದ್ದಾನೆ ನೋಡಿ ಜಾಗ ಹಿಡಿಯಬೇಕು. ಬಿಸಿಲು ನಿಮ್ಮ ಬೆನ್ನಿಗಿದ್ದರೆ ಕೆಸರು ನೀರು ಚಪ್ಪಟೆ, ಚಹಾ ಚೆಲ್ಲಿದ ಹಾಗೆ. ಬಿಸಿಲು ಎದುರಿನಿಂದ ಓರೆಯಾಗಿ ಬಂದರೆ ನೀರು ಒಳಗಿನಿಂದ ಹೊಳೆಯುತ್ತದೆ. ಆದರೆ ಹಿನ್ನೆಲೆ ಕತ್ತಲಾಗಿರಬೇಕು: ತೆಂಗಿನ ತೋಟ, ಜನರ ಗುಂಪು, ಚಪ್ಪರದ ನೆರಳು. ಬಿಳಿ ಆಕಾಶದ ಎದುರು ಚಿಮ್ಮಿದ ನೀರು ಕಾಣುವುದೇ ಇಲ್ಲ. ಎತ್ತರದ ದಂಡೆ ಮೇಲೆ ನಿಂತರೆ ಆಕಾಶ ಕಡಿಮೆ ಬರುತ್ತದೆ, ಹಾಗಾಗಿ ಕೆಳಗೆ ಕೂತು 'ಲೋ ಆಂಗಲ್' ತೆಗೆಯುವ ಹುಚ್ಚು ಬೇಡ.

ಮಂಜೊಟ್ಟಿಯಲ್ಲಿ (ಓಟ ಮುಗಿಯುವ ತುದಿ) ಎದುರು ನಿಂತು ತೆಗೆಯುವ ಆಲೋಚನೆ ಇದ್ದರೆ ಅದನ್ನೂ ಬಿಡಿ. ಕೋಣಗಳು ನಿಲ್ಲುವುದು ಅಲ್ಲಿ ಅಲ್ಲ, ಅಲ್ಲಿಂದ ಮೇಲೆ ಹತ್ತಿದ ಮೇಲೆ. ಪರದೆ ನೋಡುತ್ತಾ ಇರುವವನಿಗೆ ದೂರ ಗೊತ್ತಾಗುವುದಿಲ್ಲ. 24 ಎಂಎಂನಲ್ಲಿ ಇನ್ನೂ ದೂರ ಉಂಟು ಅಂತ ಕಾಣುವಾಗ ಮೈಮೇಲೆ ಬಂದಾಗಿರುತ್ತದೆ.

ಐವತ್ತು_ಹರ್ಟ್ಸ್:

ನಾಲ್ಕನೇ ಪ್ರಶ್ನೆಗೆ ಬರ್ತೀನಿ. ರಾತ್ರಿ ಎಚ್‌ಎಫ್‌ಆರ್ ಮೋಡ್ ಮುಟ್ಟಲೇಬೇಡಿ.

ನಮ್ಮ ಕರೆಂಟ್ 50 ಹರ್ಟ್ಸ್. ಒಂದು ಸುತ್ತಿಗೆ ಎರಡು ಸಲ ಏರಿಳಿಯೋದರಿಂದ ದೀಪ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತೆ. ಕಣ್ಣಿಗೆ ಕಾಣಲ್ಲ. ಹಳೇ ಚೋಕ್ ಹಾಕಿದ ಮೆಟಲ್ ಹ್ಯಾಲೈಡ್‌ನಲ್ಲಿ ಏರಿಳಿತ ಜೋರು. ಎಲ್ಇಡಿ ಆದರೆ ಒಳಗಿನ ಡ್ರೈವರ್ ಮೇಲೆ ಹೋಗುತ್ತೆ. ಒಳ್ಳೆ ಡ್ರೈವರ್ ಇದ್ದರೆ ಬೆಳಕು ಸಮ, ಅಗ್ಗದ್ದಾದರೆ ಚೋಕಿಗಿಂತ ಕಡೆ.

250 ಎಫ್‌ಪಿಎಸ್‌ನಲ್ಲಿ ದೀಪದ ಒಂದು ಏರಿಳಿತಕ್ಕೆ ಎರಡೂವರೆ ಫ್ರೇಮ್. 25ಪಿಯಲ್ಲಿ ಓಡಿಸಿದಾಗ ಸೆಕೆಂಡಿಗೆ 10 ಸಲ ಮಿನುಗುತ್ತೆ. 500ರಲ್ಲಿ 5 ಸಲ. 1000ರಲ್ಲಿ ಎರಡೂವರೆ ಸಲ, ಯಾರೋ ಸ್ವಿಚ್ ಹಾಕಿ ತೆಗೆದ ಹಾಗೆ. ಫ್ರೇಮ್ ರೇಟ್ ಏರಿಸಿದಷ್ಟೂ ಕಣ್ಣಿಗೆ ಹಿಂಸೆ ಜಾಸ್ತಿ. 'ಎಡಿಟಿಂಗ್‌ನಲ್ಲಿ ಸರಿ ಮಾಡ್ಕೋತೀನಿ' ಅಂದ್ರೆ, ಡಾವಿಂಚಿ ರಿಸಾಲ್ವ್‌ನ ಡಿಫ್ಲಿಕರ್ ಇರೋದು ದುಡ್ಡು ಕೊಡೋ ಸ್ಟುಡಿಯೊ ಆವೃತ್ತಿಯಲ್ಲಿ. ಅದಿಲ್ಲದೆ ಫ್ರೇಮ್‌ಗಳನ್ನ ಸರಾಸರಿ ಮಾಡಿ ಮಿನುಗು ಅಳಿಸಬೇಕು ಅಂದರೆ 500ರಲ್ಲಿ ಐದೈದು ಫ್ರೇಮ್ ಸೇರಿಸಬೇಕು, ಕೈಗೆ ಬರೋದು 100 ಎಫ್‌ಪಿಎಸ್. 250ರಲ್ಲೂ ಐದು ಸೇರಿಸಬೇಕು, ಬರೋದು 50. ಅಷ್ಟು ಪಾಡು ಪಟ್ಟು 100ಕ್ಕೇ ಬರೋದಾದರೆ ನೇರವಾಗಿ 100ರಲ್ಲೇ ತೆಗೆಯಬಹುದಲ್ಲ?

ಮಾರ್ಕ್ 4ರಲ್ಲಿ ಮಾಮೂಲಿ ಮೂವಿ ಮೋಡಿನಲ್ಲೇ 100ಪಿ ಇದೆ, ಪೂರ್ತಿ 1920×1080. ಮೆನುವಿನಲ್ಲಿ ಪಾಲ್/ಎನ್‌ಟಿಎಸ್‌ಸಿ ಸೆಲೆಕ್ಟರ್ (ಟಿವಿ ಪದ್ಧತಿ ಆರಿಸೋದು) ಪಾಲ್‌ನಲ್ಲಿರಬೇಕು. ಎನ್‌ಟಿಎಸ್‌ಸಿಯಲ್ಲಿದ್ದರೆ 100 ಬದಲು 120 ತೋರಿಸುತ್ತೆ. ಅದು ನಮ್ಮ ದೀಪದ ಜೊತೆ ಹೊಂದಲ್ಲ, 30ಪಿಯಲ್ಲಿ ಓಡಿಸಿದರೆ ಸೆಕೆಂಡಿಗೆ 5 ಸಲ ಮಿನುಗುತ್ತೆ. ಬದಲಾಯಿಸಿದರೆ ಕಾರ್ಡ್ ಫಾರ್ಮ್ಯಾಟ್ ಮಾಡು ಅಂತ ಕೇಳುತ್ತೆ, ಮನೆಯಲ್ಲೇ ಮಾಡಿಕೊಂಡು ಹೋಗಿ, ಕಂಬಳದ ಗದ್ದೆಯಲ್ಲಿ ಅಲ್ಲ. 100 ಮೆಗಾಬಿಟ್‌ನಲ್ಲಿ ಬರೆಯೋದಕ್ಕೆ ಯು3 (ಬರೆಯೋ ವೇಗದ ದರ್ಜೆ) ಗುರುತಿರೋ ಎಸ್‌ಡಿಎಕ್ಸ್‌ಸಿ ಕಾರ್ಡ್ ಬೇಕು.

ಶಟರ್ 1/100 ಇಟ್ಟರೆ ಪ್ರತಿ ಫ್ರೇಮೂ ದೀಪದ ಒಂದು ಪೂರ್ತಿ ಏರಿಳಿತ ನುಂಗುತ್ತೆ, ಮಿನುಗಿನ ಪ್ರಶ್ನೆಯೇ ಇಲ್ಲ. ಬೆಳಕೂ ಹೆಚ್ಚು. ಆದರೆ ಕ್ಯಾಮೆರಾ ನಿಲ್ಲಿಸಿ ತೆಗೆದರೆ 1/100ರಲ್ಲಿ ಕೋಣ ಹತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತೆ, ಚಿತ್ರ ಮಸುಕು. ಅದಕ್ಕೆ ರಾತ್ರಿ ಓಟಗಾರನ ಜೊತೆ ಕ್ಯಾಮೆರಾ ತಿರುಗಿಸಬೇಕು. ಇಲ್ಲಿ ಬಫರಿನ ಕಾಟ ಇಲ್ಲ, ಗಂತಿನಿಂದ ಮಂಜೊಟ್ಟಿವರೆಗೆ ಪೂರ್ತಿ ಓಟ ಒಂದೇ ಉಸಿರಿಗೆ. 13-14 ಸೆಕೆಂಡಿನ ಓಟ 25ಪಿಯಲ್ಲಿ 52-56 ಸೆಕೆಂಡ್ ಆಗುತ್ತೆ. ಹಿನ್ನೆಲೆಯ ಜನ ಗೆರೆಗೆರೆಯಾಗಿ ಓಡ್ತಾರೆ, ಓಟಗಾರನ ಮುಖ ನಿಲ್ಲುತ್ತೆ. ನಿಧಾನದಲ್ಲೂ ವೇಗ ಕಾಣೋದು ಆಗಲೇ. ತಿರುಗಿಸೋದು ಸೊಂಟದಿಂದ, ಮೊಣಕೈ ಪಕ್ಕೆಗೆ ಒತ್ತಿ. 15 ಮೀಟರ್‌ನಲ್ಲಿ ನಿಂತರೆ ನಿಮ್ಮೆದುರು ಹಾಯೋವಾಗ ಸೆಕೆಂಡಿಗೆ ಸುಮಾರು 40 ಡಿಗ್ರಿ ತಿರುಗಬೇಕು, ಪಾದ ಮೊದಲೇ ಮಂಜೊಟ್ಟಿ ಕಡೆಗೆ ಇಟ್ಟಿರಿ, ಗಂತಿನ ಕಡೆಗೆ ಮೈ ತಿರುಚಿ ಶುರು ಮಾಡಿ, ಬಿಚ್ಚಿಕೊಳ್ತಾ ಬನ್ನಿ.

1/200ರಲ್ಲೂ ತೆಗೆಯಬಹುದು. ಪ್ರತಿ ಫ್ರೇಮೂ ಏರಿಳಿತದ ಒಂದೇ ಜಾಗದಲ್ಲಿ ಬೀಳೋದರಿಂದ ಬೆಳಕು ಹೆಚ್ಚುಕಡಿಮೆ ನಿಂತಿರುತ್ತೆ. ಆದರೆ ಜನರೇಟರ್ ಮೇಲೆ ದೀಪ ಓಡ್ತಿದ್ದರೆ ಎಚ್ಚರ. ಡೀಸೆಲ್ ಜನರೇಟರ್ ಲೋಡ್ ಕಡಿಮೆಯಿದ್ದಾಗ 50ಕ್ಕಿಂತ ಒಂದೆರಡು ಹರ್ಟ್ಸ್ ಮೇಲೆ ಓಡೋದು ಸಾಮಾನ್ಯ. 51.5 ಅಂದುಕೊಳ್ಳಿ, ದೀಪ 103 ಸಲ, ನಿಮ್ಮ ಫ್ರೇಮ್ 100. ನಾಲ್ಕು ಪಟ್ಟು ನಿಧಾನದಲ್ಲಿ ನೋಡಿದಾಗ ಒಂದೂಕಾಲು ಒಂದೂವರೆ ಸೆಕೆಂಡಿಗೊಮ್ಮೆ ಬೆಳಕು ಉಸಿರಾಡಿದ ಹಾಗೆ ಏರಿ ಇಳಿಯುತ್ತೆ. 1/100ರಲ್ಲಿ ಇದು ಕಾಣೋದು ಬಹಳ ಕಡಿಮೆ. ಹಾಗಾಗಿ ಜನರೇಟರ್ ಸದ್ದು ಕೇಳಿದರೆ 1/100 ಬಿಡಬೇಡಿ.

ಐಎಸ್ಒ 1600 ದಾಟದಂತೆ ನೋಡ್ಕೊಳ್ಳಿ. 70 ಎಂಎಂ ತುದಿಯಲ್ಲಿ ಲೆನ್ಸ್ ಎಫ್ 2.8, 24 ಎಂಎಂನಲ್ಲಿ 1.8. ಬೆಳಕು ಸಾಲದಿದ್ದರೆ ಹತ್ತಿರ ಹೋಗಿ ಅಗಲದಲ್ಲಿ ತೆಗೆಯಿರಿ, ಒಂದು ಸ್ಟಾಪಿಗಿಂತ ಹೆಚ್ಚು ಲಾಭ.

ಸುಮ್ನೆಬಂದೆ:

ಇಷ್ಟೆಲ್ಲ ಯಾಕೆ ಗುರು, ಫೋನಲ್ಲೇ 240 ಎಫ್‌ಪಿಎಸ್ ಬರುತ್ತಲ್ಲ. ಬಫರ್ ಇಲ್ಲ, ಕಾಯೋದಿಲ್ಲ. ಇಲ್ಲಾಂದ್ರೆ ಹಳೇ ಕ್ಯಾಸಿಯೊ ಇಎಕ್ಸ್-ಎಫ್1 ಸೆಕೆಂಡ್ ಹ್ಯಾಂಡ್ ಸಿಗುತ್ತೆ, 1200 ಎಫ್‌ಪಿಎಸ್!

ನಿಧಾನ್ರಾಯ:

ಹಗಲಿನಲ್ಲಿ ಫೋನ್ ಚೆನ್ನಾಗೇ ಬರುತ್ತೆ, ಅದನ್ನ ಅಲ್ಲಗಳೆಯಲ್ಲ. 1080ಪಿ 240 ಇರೋ ಫೋನಾದರೆ ಬಿಸಿಲಲ್ಲಿ ಈ ಕ್ಯಾಮೆರಾಗೂ ಅದಕ್ಕೂ ಅಂಥ ಅಂತರ ಇಲ್ಲ, ಇಡೀ ಓಟವೂ ಸಿಗುತ್ತೆ. ಎಡವೋದು ಎರಡು ಕಡೆ. ಶಟರ್ ಅದರ ಇಷ್ಟಕ್ಕೆ ಬಿಟ್ಟಿದ್ದು, ಕಪ್ಪು ಕೋಣ ನೋಡಿ ನೀರು ಸುಡುತ್ತೆ. ಎಕ್ಸ್‌ಪೋಷರ್ ಲಾಕ್ ಮಾಡಿ ಬೆಳಕು ಕೆಳಗೆ ಎಳೆದರೆ ಅರ್ಧ ಸರಿಹೋಗುತ್ತೆ. ಎರಡನೇದು ಸಂಜೆ ಐದೂವರೆ ಆದಮೇಲೆ. ಚಿಕ್ಕ ಸೆನ್ಸರ್, 240 ಎಫ್‌ಪಿಎಸ್, ಗುಜುಗುಜು ನಾಯ್ಸ್. ಇನ್ನು 240ಕ್ಕೂ 100ಕ್ಕೂ ಹೊಂದಲ್ಲ, ರಾತ್ರಿ ಮಿನುಗು ಇದ್ದಿದ್ದೇ.

ಕ್ಯಾಸಿಯೊ ಎಫ್1 2008ರದ್ದು. ಅದರ 1200 ಎಫ್‌ಪಿಎಸ್ ಅಂದರೆ 336×96. ತೊಂಬತ್ತಾರು ಸಾಲು! ಅಂಚೆ ಚೀಟಿ ಅನ್ನೋದಕ್ಕೂ ಎತ್ತರ ಸಾಲದು. 300ರಲ್ಲಿ 512×384 ಬರುತ್ತೆ. ಆ ಕಾಲಕ್ಕೆ ಅದು ಪವಾಡ, ಇವತ್ತು ಸಂಗ್ರಹಕ್ಕೆ ಇಟ್ಕೋಬಹುದು.

ಕೆಸರುಕಣ್ಣು:

ತುಂಬಾ ಉಪಕಾರ. ಎಂಡ್ ಟ್ರಿಗರ್ ಅಂತ ಒಂದು ಉಂಟು ಅಂತಲೇ ಗೊತ್ತಿರಲಿಲ್ಲ, ಮನೆ ಎದುರು ಬೈಕ್ ಹೋಗುವಾಗ ನೋಡಿದೆ, ಕೆಲಸ ಮಾಡುತ್ತದೆ. ಮತ್ತೆ ಮೂರು ಸಂಶಯ. ಟ್ರೈಪಾಡ್ ಇಡಲು ಜಾಗ ಇರುವುದಿಲ್ಲ, ಕೈಯಲ್ಲಿ ಹಿಡಿದರೆ ಆದೀತಾ? ಕೆಸರು ಹಾರಿ ಲೆನ್ಸಿಗೆ ಬಿದ್ದರೆ ಎಂತ ಮಾಡುವುದು? ಎಚ್‌ಎಫ್‌ಆರ್ ಕ್ಲಿಪ್ಪಿಗೆ ಸೌಂಡ್ ಬರುವುದಿಲ್ಲ, ಅದಕ್ಕೆ?

ಪಡುದಿಕ್ಕು:

ಎಚ್‌ಎಫ್‌ಆರ್‌ಗೆ ಟ್ರೈಪಾಡ್ ಬೇಕಿಲ್ಲ. ಎರಡು ಸೆಕೆಂಡಿನ ಕೈನಡುಕ ಹತ್ತು ಪಟ್ಟು ಎಳೆದಾಗ ದೋಣಿ ತೇಲಿದ ಹಾಗೆ ಮೆಲ್ಲಗೆ ಕಾಣುತ್ತದೆ, ನಡುಕ ಅಂತ ಅನಿಸುವುದಿಲ್ಲ. ಮಾನೊಪಾಡ್ ಇದ್ದರೆ ಒಳ್ಳೆಯದು, ಅದೂ ಕೈ ಸೋಲಬಾರದು ಅಂತ. ಒಂದೇ ಎಚ್ಚರ: ನಿಶಾನೆಯ ಕಂಬ ಚೌಕಟ್ಟಿನ ಅಂಚಿನಲ್ಲಿ ನೆಟ್ಟಗೆ ಇರಲಿ. ಓರೆಯಾದ ಕಂಬ 20 ಸೆಕೆಂಡ್ ಪರದೆ ಮೇಲೆ ಇದ್ದರೆ ನೋಡುವವರ ಕುತ್ತಿಗೆ ಓರೆಯಾಗುತ್ತದೆ.

ಕೆಸರು ಬಿದ್ದರೆ ಮೊದಲ ಮಾತು, ಆಫ್ ಮಾಡಬೇಡಿ. ಈ ಕ್ಯಾಮೆರಾದ ಲೆನ್ಸ್ ಕೊಳವೆ ಒಳಗೆ ಸರಿಯುತ್ತದೆ, ಮುಂದೆ ಎಲೆ ಎಲೆ ಮುಚ್ಚಳ ಉಂಟು. ಕೆಸರಿನೊಂದಿಗೆ ಒಳಗೆ ಹೋದರೆ ಮರಳು ಕೊಳವೆಯ ಸಂದಿಯಲ್ಲಿ ಕೂತು ಜೂಮ್ ಗರಗರ ಅನ್ನುತ್ತದೆ, ಮುಚ್ಚಳ ಅರ್ಧಕ್ಕೆ ನಿಲ್ಲುತ್ತದೆ. ಬ್ಯಾಟರಿ ತೆಗೆಯಿರಿ, ಲೆನ್ಸ್ ಹೊರಗೇ ಉಳಿಯುತ್ತದೆ. ಕೊಳವೆಯ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಎತ್ತಿ, ಉಜ್ಜಬೇಡಿ. ಗಾಜಿನ ಮೇಲಿನದ್ದು ಒಣಗಲಿ, ಬ್ಲೋವರಿನಲ್ಲಿ ಹಾರಿಸಿ, ಉಳಿದದ್ದನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ. ಅಂಗಿ ಚುಂಗಿನಲ್ಲಿ ಉಜ್ಜಿದರೆ ಕೆಸರಿನ ಮರಳು ಕೋಟಿಂಗ್ ಗೀರುತ್ತದೆ.

ಇದರಲ್ಲಿ ಫಿಲ್ಟರ್ ಹಾಕುವ ತಿರುಪು ಇಲ್ಲ, ಅಂಟಿಸುವ ರಿಂಗ್ ಸಿಗುತ್ತದೆ. ಅದಕ್ಕೆ ಒಂದು ಸಾದಾ ಯುವಿ ಫಿಲ್ಟರ್ ಹಾಕಿಕೊಂಡರೆ ನೆಮ್ಮದಿ. ಬಾಡಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬಹುದು, ಆದರೆ ಮಧ್ಯಾಹ್ನದ ಬಿಸಿಲಿಗೆ ಚೀಲದ ಒಳಗೆ ಕ್ಯಾಮೆರಾ ಬೇಯುತ್ತದೆ, ಸ್ಟ್ಯಾಂಡ್‌ಬೈ ಬಿಸಿ ಬೇರೆ. ಜೋಡಿ ಬಿಡುವ ಮೊದಲು ಹಾಕಿ, ಆದ ಮೇಲೆ ತೆಗೆಯಿರಿ. 20 ಮೀಟರ್‌ನಲ್ಲಿ ನಿಂತರೆ ಇದು ಯಾವುದೂ ಬೇಡ.

ಸೌಂಡಿಗೆ ಫೋನನ್ನು ಜೇಬಿನಲ್ಲಿ ಇಟ್ಟು ರೆಕಾರ್ಡ್ ಮಾಡಬೇಡಿ, ಬಟ್ಟೆಯ ಸದ್ದೇ ಬರುತ್ತದೆ. ಧ್ವನಿವರ್ಧಕದಿಂದ ದೂರ, ಗಂತಿನ ಕಡೆ ಒಂದೆರಡು ಓಟದ ಸದ್ದು ಬೇರೆಯೇ ಹಿಡಿದುಕೊಳ್ಳಿ. ಅದನ್ನು ನಿಧಾನ ಮಾಡದೆ ಹಾಗೇ ಕೆಳಗೆ ಹಾಕಿ, ನೀರು ನಿಶಾನೆಗೆ ತಾಗುವಲ್ಲಿ ಜನರ ಕೂಗು ಬರುವಂತೆ ಜೋಡಿಸಿ.

ಐವತ್ತು_ಹರ್ಟ್ಸ್:

ಸೇರಿಸೋದು ಒಂದು. ಕನೆಹಲಗೆ ಕ್ಲಿಪ್ ಪೂರ್ತಿ ಹತ್ತು ಪಟ್ಟು ನಿಧಾನ ಇಟ್ಟರೆ ನೀರು ಏರೋದಕ್ಕೇ 11 ಸೆಕೆಂಡ್. ತುದಿ ಹತ್ತಿರ ಬಂದಾಗ ನೀರಿನ ವೇಗವೇ ಸತ್ತಿರುತ್ತೆ, ಅಲ್ಲಿ ಚಿತ್ರ ನಿಂತುಬಿಟ್ಟ ಹಾಗೆ ಕಾಣುತ್ತೆ. ಹಲಗೆಯಿಂದ ನೀರು ಒಡೆದು ಏಳೋ ಮೊದಲ ಕಾಲು ಸೆಕೆಂಡನ್ನ ಹತ್ತು ಪಟ್ಟಿನಲ್ಲೇ ಬಿಡಿ. ಆಮೇಲೆ ನಾಲ್ಕು ಪಟ್ಟಿಗೆ ತನ್ನಿ, ನಿಶಾನೆ ತಾಗೋವಾಗ ಮತ್ತೆ ಹತ್ತು. 250ರಲ್ಲಿ ತೆಗೆದಿದ್ದಕ್ಕೆ ಫ್ರೇಮ್ ಬಿಟ್ಟು ಬಿಟ್ಟು ವೇಗ ಮಾಡಿದರೆ ಏನೂ ಕೆಡಲ್ಲ. 100ಪಿಯಲ್ಲಿ ತೆಗೆದಿದ್ದನ್ನ ನಾಲ್ಕು ಪಟ್ಟಿಗಿಂತ ನಿಧಾನ ಮಾಡೋಕೆ ಹೋದರೆ ಮಾತ್ರ ಸಾಫ್ಟ್‌ವೇರ್ ಇಲ್ಲದ ಫ್ರೇಮ್ ಹುಟ್ಟಿಸುತ್ತೆ, ಕೋಣದ ಕೊಂಬೂ ನೀರೂ ಒಂದಕ್ಕೊಂದು ಕರಗಿ ಮೇಣದ ಹಾಗೆ ಆಗುತ್ತೆ.

ಕೆಸರುಕಣ್ಣು:

ಕಾರ್ಡ್ ನೋಡಿದೆ, ಯು1 ಅಂತ ಉಂಟು. ಎಚ್‌ಎಫ್‌ಆರ್‌ಗೆ ಅದು ಸಾಕಾ, ಎರಡಕ್ಕೂ ಬೇರೆ ತರಬೇಕಾ?

ನಿಧಾನ್ರಾಯ:

ಎಚ್‌ಎಫ್‌ಆರ್ 50 ಮೆಗಾಬಿಟ್, ಯು1 ಎಸ್‌ಡಿಎಕ್ಸ್‌ಸಿ ಸಾಕು. ರಾತ್ರಿಯ 100ಪಿಗೆ 100 ಮೆಗಾಬಿಟ್ ಬೇಕಾದರೆ ಮಾತ್ರ ಯು3. ಸದ್ಯಕ್ಕೆ ಅದೇ ಕಾರ್ಡಿನಲ್ಲಿ 100ಪಿ 60 ಮೆಗಾಬಿಟ್ ಇಟ್ಟು ತೆಗೆಯಿರಿ, ಮುಂದಿನ ಕಂಬಳಕ್ಕೆ ತಂದರಾಯ್ತು.